ತೆಳುಗಾಳಿಯ ನಾಡಿಗೆ ಯಾತ್ರೆ: ಬಸವನಗುಡಿಯಿಂದ ಹಾನ್ಲೆಯವರೆಗೆ

ನಮ್ಮ ಭೌತವಿಜ್ಞಾನ ಪ್ರಯೋಗಾಲಯದ ಕಪಾಟಿನಲ್ಲಿ ಒಂದು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ಇದೆ. ಒಳಗೆ ನೀರಿಲ್ಲ, ಮುಚ್ಚಳ ಬಿಗಿಯಾಗಿದೆ. ಯಾರೋ ಮುಷ್ಟಿಯಲ್ಲಿ ಹಿಡಿದು ಹಿಚುಕಿದಂತೆ ಅದರ ಹೊಟ್ಟೆ ಒಳಕ್ಕೆ ಕುಗ್ಗಿದೆ. ಹೊಸದಾಗಿ ಬಂದ ವಿದ್ಯಾರ್ಥಿಗಳು 'ಇದನ್ನೇಕೆ ಎಸೆದಿಲ್ಲ ಸಾರ್?' ಎಂದು ಕೇಳುತ್ತಾರೆ. ಅದನ್ನು ಯಾರೂ ಹಿಚುಕಿಲ್ಲ. ಲಡಾಖಿನ ಹಾನ್ಲೆ ಎಂಬಲ್ಲಿ ಖಾಲಿ ಬಾಟಲಿಗೆ ಮುಚ್ಚಳ ಹಾಕಿ ಬಸವನಗುಡಿಗೆ ತಂದದ್ದಷ್ಟೇ ನಾವು ಮಾಡಿದ ಕೆಲಸ. ಉಳಿದದ್ದನ್ನು ಬೆಂಗಳೂರಿನ ಗಾಳಿಯೇ ಮಾಡಿತು. ಬಾಟಲಿಯ ಮೇಲೆ ಆದದ್ದರ ವಿಲೋಮ ಕ್ರಿಯೆ ಇಲ್ಲಿಂದ ಅಲ್ಲಿಗೆ ಹೋಗುವ ಪ್ರತಿಯೊಬ್ಬ ಯಾತ್ರಿಕನ ದೇಹದ ಮೇಲೂ ಆಗುತ್ತದೆ. ಆ ಕ್ರಿಯೆಯನ್ನು ಅರಿಯುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿಗೂ ಲಡಾಖಿನ ಬೌದ್ಧ ಕ್ಷೇತ್ರಗಳಿಗೂ ಇರುವ ನಂಟು ಇಂದಿನದಲ್ಲ. ಗಾಂಧಿನಗರದ ಮಹಾಬೋಧಿ ಸೊಸೈಟಿಯನ್ನು ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದರು. ಅವರಲ್ಲಿ ಕಲಿತ ಲಡಾಖಿ ಭಿಕ್ಷು ಸಂಘಸೇನರು ತಮ್ಮ ನಾಡಿಗೆ ಮರಳಿ 1986ರಲ್ಲಿ ಲೇಹ್ ಬಳಿ ಮಹಾಬೋಧಿ ಧ್ಯಾನ ಕೇಂದ್ರವನ್ನು ಆರಂಭಿಸಿದರು. ಮತ್ತೊಂದು ನಂಟು ವಿಜ್ಞಾನದ್ದು. ಕೋರಮಂಗಲದಲ್ಲಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ತನ್ನ ಎತ್ತರದ ವೀಕ್ಷಣಾಲಯವನ್ನು ಕಟ್ಟಿದ್ದು ಇದೇ ಹಾನ್ಲೆಯಲ್ಲಿ, 17ನೇ ಶತಮಾನದ ಬೌದ್ಧ ಗೊಂಪಾ ಒಂದರ ನೆರೆಯಲ್ಲಿ. ಹೆಮಿಸ್, ಥಿಕ್ಸೆ, ದಿಸ್ಕಿತ್, ಹಾನ್ಲೆ ಮುಂತಾದ ಗೊಂಪಾಗಳನ್ನು ನೋಡಲು ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಿಂದ ಹೊರಡುವವರಲ್ಲಿ ನಿವೃತ್ತರೂ ಸಾಕಷ್ಟಿದ್ದಾರೆ. ಅವರ ಪೆಟ್ಟಿಗೆಯಲ್ಲಿ ಸ್ವೆಟರು, ಕುಲಾವಿ, ಚಕ್ಕುಲಿ, ಮಾತ್ರೆಗಳ ಡಬ್ಬಿ ಎಲ್ಲವೂ ಇರುತ್ತವೆ. ಗಾಳಿಯನ್ನು ಮಾತ್ರ ಕಟ್ಟಿಕೊಂಡು ಹೋಗಲಾಗದು.

ಗಾಳಿಯ ಸಾಗರದ ತಳದಿಂದ ಮೇಲಕ್ಕೆ

ನಾವು ವಾಯುಸಾಗರದ ತಳದಲ್ಲಿ ವಾಸಿಸುತ್ತೇವೆ. ನಮ್ಮ ತಲೆಯ ಮೇಲಿರುವ ಗಾಳಿಯ ತೂಕವೇ ವಾಯುಒತ್ತಡಕ್ಕೆ ಕಾರಣ. ಮೇಲೇರಿದಂತೆಲ್ಲ ತಲೆಯ ಮೇಲಿರುವ ಗಾಳಿ ಕಡಿಮೆಯಾಗುವುದರಿಂದ ಒತ್ತಡವೂ ಕಡಿಮೆಯಾಗಬೇಕು. ಪಾಸ್ಕಲನ ಸೂಚನೆಯಂತೆ ಅವನ ಭಾವ ಪೆರಿಯೆ 1648ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಪೂಯಿ ದ ದೋಮ್ ಬೆಟ್ಟಕ್ಕೆ ಪಾದರಸದ ನಳಿಗೆಯನ್ನು ಹೊತ್ತೊಯ್ದು ಇದನ್ನು ಪರೀಕ್ಷಿಸಿದ. ಬೆಟ್ಟದ ತುದಿಯಲ್ಲಿ ಪಾದರಸದ ಮಟ್ಟ ಸುಮಾರು ಮೂರು ಅಂಗುಲ ಇಳಿದಿತ್ತು. ಬುಡದಲ್ಲಿ ಇಟ್ಟಿದ್ದ ಮತ್ತೊಂದು ನಳಿಗೆಯಲ್ಲಿ ಮಟ್ಟ ಬದಲಾಗಿರಲಿಲ್ಲ.

ನೀರಿನಲ್ಲಿ ಒತ್ತಡವು ಆಳಕ್ಕೆ ನೇರ ಅನುಪಾತದಲ್ಲಿರುತ್ತದೆ. ಗಾಳಿಯಲ್ಲಿ ಹಾಗಲ್ಲ. ಗಾಳಿಯನ್ನು ಸಂಪೀಡಿಸಬಹುದಾದ್ದರಿಂದ ಕೆಳಗಿನ ಪದರಗಳು ದಟ್ಟವಾಗಿಯೂ ಮೇಲಿನವು ವಿರಳವಾಗಿಯೂ ಇರುತ್ತವೆ. ಇದರ ಫಲವಾಗಿ ಒತ್ತಡವು ಎತ್ತರದೊಡನೆ ಘಾತೀಯವಾಗಿ ಇಳಿಯುತ್ತದೆ. ನೆನಪಿಡಲು ಸುಲಭವಾದ ನಿಯಮವೆಂದರೆ, ಸುಮಾರು 5.5 ಕಿಲೋಮೀಟರ್ ಏರಿದಾಗ ಒತ್ತಡ ಅರ್ಧವಾಗುತ್ತದೆ. ಇನ್ನೂ 5.5 ಕಿಲೋಮೀಟರ್ ಏರಿದರೆ ಆ ಅರ್ಧದ ಅರ್ಧ.

ಪ್ರಮಾಣ ವಾಯುಮಂಡಲದ ಮಾದರಿಯಿಂದ ಲೆಕ್ಕ ಹಾಕಿದ ಕೆಲವು ಬೆಲೆಗಳು ಹೀಗಿವೆ. ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಕೊಟ್ಟಿದೆ. ನಿಜವಾದ ಒತ್ತಡ ಪರ್ವತ ಪ್ರದೇಶದಲ್ಲಿ ಬೇಸಿಗೆಯಲ್ಲಿ ಇದಕ್ಕಿಂತ ತುಸು ಹೆಚ್ಚು, ಚಳಿಗಾಲದಲ್ಲಿ ತುಸು ಕಡಿಮೆ ಇರಬಹುದು.

ಸಮುದ್ರಮಟ್ಟ: ಒತ್ತಡ 760, ನೀರಿನ ಕುದಿಬಿಂದು 100° ಸೆ.
ಬೆಂಗಳೂರು (920 ಮೀ.): ಒತ್ತಡ 681, ಕುದಿಬಿಂದು 97° ಸೆ.
ಲೇಹ್ (3,500 ಮೀ.): ಒತ್ತಡ 493, ಕುದಿಬಿಂದು 88° ಸೆ.
ಹಾನ್ಲೆ ವೀಕ್ಷಣಾಲಯ (4,500 ಮೀ.): ಒತ್ತಡ 433, ಕುದಿಬಿಂದು 85° ಸೆ.
ಖರ್ದುಂಗ್ ಲಾ ಕಣಿವೆದಾರಿ (5,359 ಮೀ.): ಒತ್ತಡ 386, ಕುದಿಬಿಂದು 82° ಸೆ.

ಖರ್ದುಂಗ್ ಲಾದಲ್ಲಿ ಬಹುಕಾಲದಿಂದ ಇದ್ದ ಫಲಕ ಅದರ ಎತ್ತರವನ್ನು 18,380 ಅಡಿ, ಅಂದರೆ 5,602 ಮೀಟರ್ ಎಂದು ಸಾರುತ್ತಿತ್ತು. ಜಿಪಿಎಸ್ ಅಳತೆಗಳು ಕೊಡುವ ಬೆಲೆ 5,359 ಮೀಟರ್. ಫಲಕದ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರಿಗೆ ಈ ವ್ಯತ್ಯಾಸ ಬೇಸರ ತರಬಹುದು. ಶ್ವಾಸಕೋಶಕ್ಕೆ 5,359 ಮೀಟರೇ ಬೇಕಾದಷ್ಟಾಯಿತು.

ಒಂದು ತಪ್ಪು ಕಲ್ಪನೆ

'ಬೆಟ್ಟದ ಮೇಲಿನ ಗಾಳಿಯಲ್ಲಿ ಆಮ್ಲಜನಕದ ಶೇಕಡಾ ಪ್ರಮಾಣ ಕಡಿಮೆ' ಎಂದು ಬಹಳ ವಿದ್ಯಾರ್ಥಿಗಳು ಬರೆಯುತ್ತಾರೆ. ಕೆಲವು ಪ್ರವಾಸ ಕೈಪಿಡಿಗಳೂ ಹಾಗೆಯೇ ಹೇಳುತ್ತವೆ. ಇದು ಸರಿಯಲ್ಲ. ಒಣಗಾಳಿಯಲ್ಲಿ ಆಮ್ಲಜನಕದ ಪಾಲು ಮಂಗಳೂರಿನಲ್ಲೂ ಹಾನ್ಲೆಯಲ್ಲೂ ಶೇಕಡಾ 20.9ರಷ್ಟೇ. ಗಾಳಿ ಸದಾ ಕಲಕುತ್ತಿರುವುದರಿಂದ ಈ ಪಾಲು ಸುಮಾರು 80 ಕಿಲೋಮೀಟರ್ ಎತ್ತರದವರೆಗೂ ಹೆಚ್ಚು ಬದಲಾಗುವುದಿಲ್ಲ. ಕಡಿಮೆಯಾಗುವುದು ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲಿಗೆ ಬರುವ ಒತ್ತಡ. ಆಮ್ಲಜನಕವನ್ನು ವಾಯುಕೋಶದಿಂದ ರಕ್ತಕ್ಕೆ ತಳ್ಳುವುದು ಈ ಆಂಶಿಕ ಒತ್ತಡದ ವ್ಯತ್ಯಾಸವೇ ಹೊರತು ಶೇಕಡಾ ಪ್ರಮಾಣವಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಳಗೆ ಎಳೆದುಕೊಂಡ ಗಾಳಿ ಶ್ವಾಸನಾಳದಲ್ಲಿ ದೇಹದ ಉಷ್ಣತೆಗೆ ಬೆಚ್ಚಗಾಗಿ ನೀರಾವಿಯಿಂದ ಸಂತೃಪ್ತವಾಗುತ್ತದೆ. 37° ಸೆ. ಉಷ್ಣತೆಯಲ್ಲಿ ಸಂತೃಪ್ತ ನೀರಾವಿಯ ಒತ್ತಡ 47 ಮಿಮೀ. ಅದು ಉಷ್ಣತೆಯನ್ನು ಅವಲಂಬಿಸಿದೆಯೇ ವಿನಾ ಎತ್ತರವನ್ನಲ್ಲ. ಆದ್ದರಿಂದ ಮೊದಲು ಒಟ್ಟು ಒತ್ತಡದಿಂದ 47ನ್ನು ಕಳೆದು, ಉಳಿದದ್ದರಲ್ಲಿ ಶೇಕಡಾ 20.9ನ್ನು ತೆಗೆದುಕೊಳ್ಳಬೇಕು. ಹೀಗೆ ಮಾಡಿದರೆ ಶ್ವಾಸನಾಳದಲ್ಲಿ ಆಮ್ಲಜನಕದ ಆಂಶಿಕ ಒತ್ತಡ ಸಮುದ್ರಮಟ್ಟದಲ್ಲಿ 149, ಬೆಂಗಳೂರಿನಲ್ಲಿ 133, ಲೇಹ್‌ನಲ್ಲಿ 93, ಹಾನ್ಲೆಯಲ್ಲಿ 81, ಖರ್ದುಂಗ್ ಲಾದಲ್ಲಿ 71 ಮಿಮೀ ಎಂದು ಬರುತ್ತದೆ. ಬೆಂಗಳೂರಿಗೆ ಹೋಲಿಸಿದರೆ ಲೇಹ್‌ನಲ್ಲಿ ನಮಗೆ ದೊರೆಯುವುದು ನೂರರಲ್ಲಿ 70ರಷ್ಟು. ಖರ್ದುಂಗ್ ಲಾದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು.

ಮಂಗಳೂರಿನಿಂದ ಬೆಂಗಳೂರಿಗೆ ಬಂದವರಿಗೆ ಏಕೆ ಏನೂ ಅನಿಸುವುದಿಲ್ಲ? ಹೀಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ರೀತಿಯೇ ಇದಕ್ಕೆ ಕಾರಣ. ಅದರ ಸಂತೃಪ್ತತೆಯ ನಕ್ಷೆ ಸರಳರೇಖೆಯಲ್ಲ. ಮೇಲ್ಭಾಗದಲ್ಲಿ ಬಹುತೇಕ ಸಪಾಟಾಗಿದ್ದು ಒಂದು ಹಂತದ ನಂತರ ಕಡಿದಾಗಿ ಇಳಿಯುತ್ತದೆ. ಸಪಾಟು ಭಾಗದಲ್ಲಿ ಆಮ್ಲಜನಕದ ಒತ್ತಡ ಸ್ವಲ್ಪ ಕುಗ್ಗಿದರೂ ರಕ್ತ ತುಂಬಿಕೊಂಡೇ ಇರುತ್ತದೆ. ಲೇಹ್‌ನ ಎತ್ತರಕ್ಕೆ ಹೋಗುವಷ್ಟರಲ್ಲಿ ನಾವು ಇಳಿಜಾರಿನ ಅಂಚಿಗೆ ಬಂದಿರುತ್ತೇವೆ. ಅಲ್ಲಿಂದ ಮುಂದೆ ಪ್ರತಿ ಮೀಟರೂ ಲೆಕ್ಕಕ್ಕೆ ಬರುತ್ತದೆ.

ವಿಮಾನ ಇಳಿದಾಗ ಒತ್ತಡವೂ ಇಳಿಯುತ್ತದೆ

ಸಾಮಾನ್ಯವಾಗಿ ವಿಮಾನ ಇಳಿಯುವಾಗ ಕ್ಯಾಬಿನ್ನಿನ ಒತ್ತಡ ಏರುತ್ತದೆ, ಕಿವಿ ಕಟ್ಟುತ್ತದೆ. ಹಾರಾಟದಲ್ಲಿ ಕ್ಯಾಬಿನ್ನಿನೊಳಗಿನ ಒತ್ತಡವನ್ನು ಸುಮಾರು 2,400 ಮೀಟರ್ ಎತ್ತರದ ಒತ್ತಡಕ್ಕಿಂತ (567 ಮಿಮೀ) ಕೆಳಗೆ ಬಾರದಂತೆ ಕಾಯ್ದುಕೊಳ್ಳಲಾಗುತ್ತದೆ. ಲೇಹ್‌ನ ಕುಶೋಕ್ ಬಕುಲ ರಿಂಪೋಚೆ ವಿಮಾನ ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ. ಅಲ್ಲಿನ ಒತ್ತಡ ಸುಮಾರು 509 ಮಿಮೀ. ಆದ್ದರಿಂದ ಲೇಹ್‌ಗೆ ಇಳಿಯುವ ವಿಮಾನದ ಬಾಗಿಲು ತೆರೆಯುವ ಮೊದಲು ಒಳಗಿನ ಒತ್ತಡವನ್ನು ಇನ್ನೂ ಕಡಿಮೆ ಮಾಡಬೇಕಾಗುತ್ತದೆ. ವಿಮಾನ ಇಳಿದಿದೆ, ನಮ್ಮ ದೇಹ ಮಾತ್ರ ಇನ್ನೂ ಏರುತ್ತಿದೆ!

ವಿಮಾನಕ್ಕೂ ತೆಳುಗಾಳಿ ಸುಲಭವಲ್ಲ. ರೆಕ್ಕೆಯ ಮೇಲಿನ ಉತ್ಥಾಪಕ ಬಲವು ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆ ಎತ್ತರದಲ್ಲಿ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 72ರಷ್ಟು. ಅದೇ ಬಲ ದೊರೆಯಲು ವೇಗ 1.18 ಪಟ್ಟಾಗಬೇಕು. ಬಿಸಿಲೇರಿದಂತೆ ಸಾಂದ್ರತೆ ಇನ್ನೂ ಕುಗ್ಗುತ್ತದೆ. ಮಧ್ಯಾಹ್ನ ಕಣಿವೆಯಲ್ಲಿ ಗಾಳಿಯೂ ಬಿರುಸಾಗುತ್ತದೆ. ಲೇಹ್‌ನ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತು ಏಕೆ ಹಾರುತ್ತವೆ ಎಂಬುದಕ್ಕೆ ಇದೇ ಉತ್ತರ.

ದೇಹ ಮಾಡುವ ಲೆಕ್ಕಾಚಾರ

ಆಮ್ಲಜನಕದ ಕೊರತೆಯನ್ನು ಕೊರಳಿನ ಬಳಿಯ ಸಂವೇದಕ ಅಂಗಗಳು ಒಡನೆಯೇ ಗುರುತಿಸುತ್ತವೆ. ಉಸಿರಾಟ ವೇಗವಾಗುತ್ತದೆ, ಆಳವಾಗುತ್ತದೆ. ನಾಡಿಬಡಿತ ಏರುತ್ತದೆ. ಆದರೆ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳು 'ಉಸಿರಾಟ ಸಾಕು' ಎಂದು ತಡೆಯೊಡ್ಡುತ್ತದೆ. ಒಂದು ಕಡೆಯಿಂದ ತಿದಿ ಒತ್ತು ಎಂಬ ಆಜ್ಞೆ, ಇನ್ನೊಂದು ಕಡೆಯಿಂದ ನಿಲ್ಲಿಸು ಎಂಬ ಆಜ್ಞೆ. ರಾತ್ರಿ ನಿದ್ದೆಯಲ್ಲಿ ಕೆಲವು ದೀರ್ಘ ಉಸಿರುಗಳ ನಂತರ ಕೆಲವು ಕ್ಷಣ ಉಸಿರೇ ನಿಂತಂತಾಗಿ ಗಾಬರಿಯಿಂದ ಏಳುವ ಅನುಭವಕ್ಕೆ ಈ ಹಗ್ಗಜಗ್ಗಾಟವೇ ಕಾರಣ.

ಇದನ್ನು ಬಗೆಹರಿಸುವುದು ಮೂತ್ರಪಿಂಡಗಳು. ಅವು ಬೈಕಾರ್ಬನೇಟನ್ನು ಹೊರಹಾಕಿ ರಕ್ತವನ್ನು ಸಮಸ್ಥಿತಿಯ ಕಡೆಗೆ ತರುತ್ತವೆ. ಈ ಕೆಲಸಕ್ಕೆ ಕೆಲವು ದಿನಗಳು ಬೇಕು. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ವಿಮಾನಕ್ಕೆ ಬೇಕಾಗುವುದು ಗಂಟೆಗಳು ಮಾತ್ರ. ಎತ್ತರದ ಕಾಯಿಲೆಗೆ ಮೂಲ ಇರುವುದು ಗಂಟೆಗಳ ಮತ್ತು ದಿನಗಳ ನಡುವಿನ ಈ ಅಂತರದಲ್ಲಿ.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆಸುತ್ತು ಇವು ತೀವ್ರ ಪರ್ವತ ವ್ಯಾಧಿಯ ಲಕ್ಷಣಗಳು. ಇದು ಬೆಳೆದು ಮಿದುಳಿನಲ್ಲಿ ಊತ ಉಂಟಾದರೆ ನಡಿಗೆ ತೂರಾಡುತ್ತದೆ, ಮಾತು ಅಸಂಬದ್ಧವಾಗುತ್ತದೆ. ಇನ್ನೊಂದು ಅಪಾಯ ಶ್ವಾಸಕೋಶದ್ದು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಕುಗ್ಗುತ್ತವೆ. ಎಲ್ಲೆಡೆ ಸಮನಾಗಿ ಕುಗ್ಗದಿದ್ದರೆ ತೆರೆದೇ ಉಳಿದ ಭಾಗಕ್ಕೆ ರಕ್ತ ಹೆಚ್ಚು ಒತ್ತಡದಲ್ಲಿ ನುಗ್ಗಿ, ಲೋಮನಾಳಗಳಿಂದ ದ್ರವ ಜಿನುಗಿ ವಾಯುಕೋಶಗಳನ್ನು ತುಂಬುತ್ತದೆ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಇದರ ಕುರುಹು. ಎರಡೂ ಪ್ರಾಣಾಪಾಯಕಾರಿ.

ಈ ವ್ಯಾಧಿಗಳ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ದೊಡ್ಡ ಭಾಗ ಭಾರತದ ಸೈನಿಕರಿಂದ ಬಂದದ್ದು. 1962ರ ಯುದ್ಧದ ಸಮಯದಲ್ಲಿ ಬಯಲುಸೀಮೆಯ ಯೋಧರನ್ನು ಅವಸರವಾಗಿ ಹಿಮಾಲಯದ ಎತ್ತರಗಳಿಗೆ ಕಳುಹಿಸಬೇಕಾಯಿತು. ಅಂಥ 1,925 ಸೈನಿಕರನ್ನು ಕುರಿತು ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಆಧಾರಗ್ರಂಥಗಳಲ್ಲಿ ಒಂದಾಗಿದೆ.

ಹಾಗಾದರೆ ಅಲ್ಲಿಯೇ ಹುಟ್ಟಿ ಬೆಳೆದವರ ಗತಿ ಏನು? ಟಿಬೆಟಿನ ಜನರಲ್ಲಿ ಆಮ್ಲಜನಕದ ಕೊರತೆಗೆ ದೇಹ ತೋರುವ ಪ್ರತಿಕ್ರಿಯೆಯನ್ನು ನಿಯಂತ್ರಿಸುವ ಜೀನ್ ಒಂದರ ವಿಶೇಷ ರೂಪ ಹೆಚ್ಚಾಗಿರುವುದು 2010ರಲ್ಲಿ ವರದಿಯಾಯಿತು. ಅವರ ರಕ್ತ ಎತ್ತರದಲ್ಲಿಯೂ ಅತಿಯಾಗಿ ಮಂದವಾಗುವುದಿಲ್ಲ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಹುಟ್ಟಿದ ಟಿಬೆಟನ್ ಮಕ್ಕಳಿಗೂ ಈ ಆನುವಂಶಿಕ ಬಳುವಳಿ ಬಂದಿರಬಹುದು. ಬಸವನಗುಡಿಯ ನಮಗೆ ಅದಿಲ್ಲ.

ಗೊತ್ತಿದ್ದೂ ಮಾಡಿದ ತಪ್ಪು

ಇಷ್ಟೆಲ್ಲ ಬರೆಯುತ್ತಿರುವ ನಾನು ಮೊದಲ ಸಲ ಹೋದಾಗ ಇದನ್ನು ಪಾಲಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನಾವು ಆರು ಮಂದಿ ಹೊರಟಿದ್ದೆವು. ಅದರಲ್ಲಿ ಚಾಮರಾಜಪೇಟೆಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಎಲ್ಲರಿಗಿಂತ ಹಿರಿಯರು. ನನಗೆ ಇದ್ದದ್ದು ಒಂದು ವಾರದ ರಜೆ. ವೇಳಾಪಟ್ಟಿ ಹಾಕಿದವನು ನಾನೇ. ಮೊದಲ ದಿನ ವಿಮಾನದಲ್ಲಿ ಲೇಹ್; ಎರಡನೆಯ ದಿನವೇ ಖರ್ದುಂಗ್ ಲಾ ದಾಟಿ ದಿಸ್ಕಿತ್ ಗೊಂಪಾ.

ಎರಡನೆಯ ದಿನ ಬೆಳಗ್ಗೆ ಮೇಷ್ಟ್ರು ತಿಂಡಿ ಮುಟ್ಟಲಿಲ್ಲ. 'ತಲೆನೋವೇ ಮೇಷ್ಟ್ರೇ?' ಎಂದು ಕೇಳಿದೆ.

'ಏನಿಲ್ಲಪ್ಪ, ಹೊಸ ಜಾಗ, ನಿದ್ದೆ ಹತ್ತಲಿಲ್ಲ ಅಷ್ಟೆ. ನನ್ನಿಂದ ನಿಮಗೆಲ್ಲ ತಡವಾಗುವುದು ಬೇಡ' ಎಂದರು.

ನಾನು ನಂಬಿದೆ, ಅಥವಾ ನಂಬುವುದು ಅನುಕೂಲವಾಗಿತ್ತು. ಖರ್ದುಂಗ್ ಲಾದಲ್ಲಿ ಗಾಡಿ ನಿಂತಾಗ ಅವರು ಇಳಿದು ನಾಲ್ಕು ಹೆಜ್ಜೆ ಇಟ್ಟರು. ಹೆಜ್ಜೆಗಳು ನೆಟ್ಟಗೆ ಬೀಳುತ್ತಿರಲಿಲ್ಲ. ವಾಂತಿಯಾಯಿತು. ನಾವು ಇನ್ನೂ ಚರ್ಚಿಸುತ್ತಿದ್ದಾಗಲೇ ಲಡಾಖಿ ಚಾಲಕ ಗಾಡಿಯನ್ನು ಲೇಹ್ ಕಡೆಗೆ ತಿರುಗಿಸಿಯಾಗಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮೂರು ದಿನಗಳಲ್ಲಿ ಮೇಷ್ಟ್ರು ಚೇತರಿಸಿಕೊಂಡರು. ವೈದ್ಯರು ನನ್ನ ವೃತ್ತಿಯನ್ನು ಕೇಳಿ ತಿಳಿದುಕೊಂಡು ಸುಮ್ಮನೆ ನೋಡಿದರು. ಅನಿಲ ನಿಯಮಗಳನ್ನು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನಿಗೆ ಆ ನೋಟವೇ ಸಾಕಾಗಿತ್ತು.

ಎರಡು ವರ್ಷಗಳ ನಂತರ ಅದೇ ಮೇಷ್ಟ್ರು, ತಮ್ಮ ವೈದ್ಯರನ್ನು ಕೇಳಿಕೊಂಡು, ಮತ್ತೆ ಹೊರಟರು. ಈ ಸಲ ಶ್ರೀನಗರದಿಂದ (1,585 ಮೀ.) ರಸ್ತೆಯ ಮೂಲಕ. ಒಂದು ರಾತ್ರಿ ಕಾರ್ಗಿಲ್‌ನಲ್ಲಿ (ಸುಮಾರು 2,680 ಮೀ.) ತಂಗಿ, ಲೇಹ್‌ನಲ್ಲಿ ನಾಲ್ಕು ದಿನ ಹೆಮಿಸ್, ಥಿಕ್ಸೆಗಳಷ್ಟನ್ನೇ ನೋಡುತ್ತ ಕಳೆದು, ಆಮೇಲೆ ಮೆಲ್ಲಗೆ ಹಾನ್ಲೆ. ಮನುಷ್ಯ ಅದೇ, ವಯಸ್ಸು ಎರಡು ವರ್ಷ ಹೆಚ್ಚು. ಬದಲಾದದ್ದು ಏರುವ ದರ ಒಂದೇ. ಹಾನ್ಲೆಯಲ್ಲಿ ಆ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ್ದು ಅವರ ಕೈಗಳೇ.

ಬೇಯದ ಬೇಳೆ, ಹುರಿದ ಹಿಟ್ಟು

ಸಂತೃಪ್ತ ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾದಾಗ ದ್ರವ ಕುದಿಯುತ್ತದೆ. ಹೊರಗಿನ ಒತ್ತಡ ಕಡಿಮೆಯಿದ್ದರೆ ನೀರು ಬೇಗ ಕುದಿಯುತ್ತದೆ, ಆದರೆ ತಣ್ಣಗಿರುವಾಗಲೇ ಕುದಿಯುತ್ತದೆ. ಹಾನ್ಲೆಯಲ್ಲಿ ಒಲೆಯನ್ನು ಎಷ್ಟು ದೊಡ್ಡದು ಮಾಡಿದರೂ ತೆರೆದ ಪಾತ್ರೆಯ ನೀರು 85° ದಾಟುವುದಿಲ್ಲ. ಬೇಳೆ ಬೇಯಲು ಬೇಕಾದದ್ದು ಗುಳ್ಳೆಗಳಲ್ಲ, ಉಷ್ಣತೆ. ಪ್ರೆಶರ್ ಕುಕ್ಕರ್ ಹೊರಗಿನ ಒತ್ತಡದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ (736 ಮಿಮೀ) ಸೇರಿಸುತ್ತದೆ ಎಂದಿಟ್ಟುಕೊಂಡರೆ, ಒಳಗಿನ ಉಷ್ಣತೆ ಬೆಂಗಳೂರಿನಲ್ಲಿ ಸುಮಾರು 118°, ಲೇಹ್‌ನಲ್ಲಿ ಸುಮಾರು 114°. ತೆರೆದ ಪಾತ್ರೆಯಲ್ಲಿ ಒಂಬತ್ತು ಡಿಗ್ರಿ ಇದ್ದ ಅಂತರ ಕುಕ್ಕರಿನಲ್ಲಿ ನಾಲ್ಕಕ್ಕೆ ಇಳಿಯಿತು.

ಕುಕ್ಕರ್ ಬರುವ ಮೊದಲು ಏನು ಮಾಡುತ್ತಿದ್ದರು? ಲಡಾಖ್, ಟಿಬೆಟ್‌ಗಳ ಮುಖ್ಯ ಆಹಾರ ತ್ಸಾಂಪಾ, ಅಂದರೆ ಹುರಿದು ಬೀಸಿದ ಬಾರ್ಲಿ ಹಿಟ್ಟು. ಕುದಿಬಿಂದುವಿನ ಮಿತಿ ನೀರಿಗೆ ಉಂಟು, ಕಾದ ಮರಳಿಗೂ ಬಾಣಲೆಗೂ ಇಲ್ಲ. ಹುರಿಯುವಾಗ ಕಾಳು ನೂರು ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಆಮೇಲೆ ಉಗುರುಬೆಚ್ಚಗಿನ ಚಹಾದಲ್ಲಿ ಕಲಸಿದರೂ ಊಟ ಸಿದ್ಧ. ನಮ್ಮ ರಾಗಿ ಹುರಿಹಿಟ್ಟಿನ ಹತ್ತಿರದ ಬಂಧು ಅದು. ಅಲ್ಲಿಗೆ ಹೋಗುವವರು ಹುರಿಹಿಟ್ಟಿನ ಡಬ್ಬಿಯೊಂದನ್ನು ಕಟ್ಟಿಕೊಂಡರೆ ಜಾಣತನ.

ಗೊಂಪಾದ ನೆರೆಯ ದೂರದರ್ಶಕ

ದೇಹಕ್ಕೆ ಕೊರತೆಯಾದ ಅದೇ ತೆಳುಗಾಳಿ ಖಗೋಳ ವಿಜ್ಞಾನಿಗೆ ವರ. ಬೆಂಗಳೂರಿನ ತಲೆಯ ಮೇಲಿರುವ ಗಾಳಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಹಾನ್ಲೆಯಲ್ಲಿ ನಮ್ಮ ಕಾಲ ಕೆಳಗೇ ಉಳಿದುಬಿಡುತ್ತದೆ. ನೀರಾವಿಯೂ ಅತ್ಯಲ್ಪ. ಅವಕೆಂಪು ಕಿರಣಗಳನ್ನು ಹೀರುವುದು ಮುಖ್ಯವಾಗಿ ನೀರಾವಿಯೇ ಆದ್ದರಿಂದ ಅಲ್ಲಿ ಅವಕೆಂಪು ವೀಕ್ಷಣೆಯೂ ಸಾಧ್ಯ. ರಾಮನಾಥ ಕೌಶಿಕ್ ನಿರ್ದೇಶಕರಾಗಿದ್ದ ಕಾಲದಲ್ಲಿ ಕಟ್ಟಿದ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ 2000ದ ಸೆಪ್ಟೆಂಬರಿನಲ್ಲಿ ಮೊದಲ ಬೆಳಕು ಕಂಡು, 2001ರ ಆಗಸ್ಟ್‌ನಲ್ಲಿ ಲೋಕಾರ್ಪಣೆಯಾಯಿತು. ಅದನ್ನು ನಡೆಸುವುದು ಬೆಂಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಸಂಕೇತ ಭೂಸ್ಥಿರ ಉಪಗ್ರಹಕ್ಕೆ ಹೋಗಿ ಇಳಿಯಲು ಸುಮಾರು ಕಾಲು ಸೆಕೆಂಡು ಸಾಕು. ವಿಜ್ಞಾನಿ ಹೊಸಕೋಟೆಯಲ್ಲಿ ರಾತ್ರಿಯ ಊಟ ಮುಗಿಸಿ ಹಾನ್ಲೆಯ ಆಕಾಶ ನೋಡಬಹುದು. ಪರ್ವತ ವ್ಯಾಧಿಯ ಭಯವಿಲ್ಲ. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲ ಪ್ರದೇಶವನ್ನು ಕಗ್ಗತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಳ್ಳಿಯ ಯುವಕ ಯುವತಿಯರು ತರಬೇತಿ ಪಡೆದು ಪ್ರವಾಸಿಗರಿಗೆ ನಕ್ಷತ್ರ ತೋರಿಸುತ್ತಾರೆ. 2024ರ ಅಕ್ಟೋಬರಿನಲ್ಲಿ 21 ಮೀಟರ್ ವ್ಯಾಸದ ಗಾಮಾ ಕಿರಣ ದೂರದರ್ಶಕವೂ ಅಲ್ಲಿ ಉದ್ಘಾಟನೆಯಾಯಿತು.

ಹಗಲಿನ ಆಕಾಶವೂ ಅಲ್ಲಿ ಬೇರೆಯೇ. ಗಾಳಿಯ ಅಣುಗಳು ಬೆಳಕನ್ನು ಚದರಿಸುವ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿದೆ. 400 ನ್ಯಾನೊಮೀಟರಿನ ನೇರಳೆ ಬೆಳಕು 700 ನ್ಯಾನೊಮೀಟರಿನ ಕೆಂಪಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಚದರುತ್ತದೆ. ದೂಳು, ತೇವಾಂಶಗಳ ಬಿಳುಪು ಬೆರೆಯದೆ ಇದ್ದಾಗ ಗಾಢನೀಲಿ ಕಾಣುತ್ತದೆ. ಅತಿನೇರಿಳೆ ಕಿರಣಗಳು ಪ್ರತಿ 1,000 ಮೀಟರಿಗೆ ಶೇಕಡಾ 10ರಷ್ಟು ಹೆಚ್ಚುತ್ತವೆ; ಹೊಸ ಹಿಮ ಅದರ ಶೇಕಡಾ 80ರಷ್ಟನ್ನು ಮತ್ತೆ ಮುಖಕ್ಕೆ ಪ್ರತಿಫಲಿಸುತ್ತದೆ. ಗಾಳಿ ತಣ್ಣಗಿದೆ ಎಂದು ಕಪ್ಪು ಕನ್ನಡಕವಿಲ್ಲದೆ ಓಡಾಡಿದವರ ಕಣ್ಣು ಸಂಜೆಗೆ ಉರಿಯುತ್ತದೆ.

ಹೊರಡುವವರಿಗೆ

1. ವಿಮಾನದಲ್ಲಿ ಹೋದರೆ ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಪೂರ್ಣ ವಿಶ್ರಾಂತಿ. ಸಾಧ್ಯವಿದ್ದರೆ ಶ್ರೀನಗರ, ಕಾರ್ಗಿಲ್ ಮಾರ್ಗವಾಗಿ ಹಂತ ಹಂತವಾಗಿ ಏರುವುದು ಮೇಲು.

2. 3,000 ಮೀಟರಿನ ನಂತರ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲಲ್ಲಿ ಏರಿದ್ದು ಎಷ್ಟು ಎನ್ನುವುದಕ್ಕಿಂತ ರಾತ್ರಿ ಮಲಗಿದ್ದು ಎಲ್ಲಿ ಎನ್ನುವುದು ಮುಖ್ಯ.

3. ಎತ್ತರದಲ್ಲಿ ಬಂದ ತಲೆನೋವನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಎತ್ತರದ್ದೇ ಎಂದು ತಿಳಿಯಿರಿ. ತಲೆನೋವಿದ್ದಾಗ ಮುಂದಕ್ಕೆ ಏರಬೇಡಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಕೂಡಲೇ ಕೆಳಗಿಳಿಯಿರಿ. ಇಳಿಯುವುದೇ ಮೊದಲ ಮದ್ದು.

4. ಹೃದಯ, ಶ್ವಾಸಕೋಶದ ತೊಂದರೆ, ರಕ್ತದೊತ್ತಡ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಹೊಂದಾಣಿಕೆಯನ್ನು ಬೇಗಗೊಳಿಸುವ ಅಸೆಟಜೋಲಮೈಡ್ ಮಾತ್ರೆಯನ್ನೂ ಅವರ ಸಲಹೆಯಿಲ್ಲದೆ ನುಂಗಬಾರದು. ಮದ್ಯ, ನಿದ್ರೆ ಮಾತ್ರೆ ಬೇಡ.

5. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಪಯುಕ್ತ. 660 ಮತ್ತು 940 ನ್ಯಾನೊಮೀಟರಿನ ಬೆಳಕನ್ನು ರಕ್ತ ಹೀರುವ ಅನುಪಾತದಿಂದ ಅದು ಸಂತೃಪ್ತತೆಯನ್ನು ಲೆಕ್ಕ ಹಾಕುತ್ತದೆ. ಆದರೆ ಅಂಕಿ ಚೆನ್ನಾಗಿದೆ ಎಂದು ಲಕ್ಷಣಗಳನ್ನು ಕಡೆಗಣಿಸಬಾರದು.

ಎತ್ತರದಲ್ಲಿ ಬಳಸುವ ಒತ್ತಡ ಚೀಲದ ತತ್ವವೂ ಸರಳ. ರೋಗಿಯನ್ನು ಗಾಳಿಯಾಡದ ಚೀಲದಲ್ಲಿ ಮಲಗಿಸಿ ಕಾಲಿನಿಂದ ಪಂಪು ಒತ್ತಿ ಸುಮಾರು 100 ಮಿಮೀ ಒತ್ತಡ ಹೆಚ್ಚಿಸುತ್ತಾರೆ. ಹಾನ್ಲೆಯ 433 ಅಲ್ಲಿ 533 ಆಗುತ್ತದೆ. ರೋಗಿ ಇದ್ದಲ್ಲಿಯೇ ಸುಮಾರು 2,900 ಮೀಟರಿಗೆ ಇಳಿದಂತೆ. ಆದರೆ ಇದು ಕೆಳಗಿಳಿಸುವವರೆಗಿನ ಏರ್ಪಾಡು ಮಾತ್ರ.

ತರಗತಿಯಲ್ಲಿ ಮಾಡಿ ನೋಡಿ

ಹಲವು ಮೊಬೈಲ್ ಫೋನುಗಳಲ್ಲಿ ವಾಯುಒತ್ತಡ ಮಾಪಕವಿದೆ. ಬೆಂಗಳೂರಿನ ಎತ್ತರದಲ್ಲಿ ಸುಮಾರು 9ರಿಂದ 10 ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಶಾಲೆಯ ನೆಲಮಹಡಿಯಲ್ಲೂ ಮೂರನೆಯ ಮಹಡಿಯಲ್ಲೂ ಅಳೆಯಿರಿ. ಬ್ಯೂಗಲ್ ರಾಕ್‌ನ ಬುಡ, ತುದಿಗಳಲ್ಲಿ ಅಳೆಯಿರಿ. ನಂದಿಬೆಟ್ಟಕ್ಕೆ (1,478 ಮೀ.) ಶೈಕ್ಷಣಿಕ ಪ್ರವಾಸ ಹೋದರೆ ಸುಮಾರು 60 ಹೆಕ್ಟೋಪಾಸ್ಕಲ್ ವ್ಯತ್ಯಾಸ ಸಿಗಬೇಕು. ಬೆಟ್ಟದ ಮೇಲೆ ಖಾಲಿ ಬಾಟಲಿಯೊಂದನ್ನು ಮುಚ್ಚಿ ಕೆಳಗೆ ತನ್ನಿ. ಪೆರಿಯೆ ಮಾಡಿದ ಪ್ರಯೋಗವನ್ನು ಪಾದರಸವಿಲ್ಲದೆಯೇ ಮಾಡಿದಂತಾಗುತ್ತದೆ.

ಇನ್ನು ನಮ್ಮ ಕಪಾಟಿನ ಬಾಟಲಿಯ ಲೆಕ್ಕ. ಮುಚ್ಚಿದಾಗ ಗಾತ್ರ 1,000 ಮಿಲಿಲೀಟರ್, ಹಾನ್ಲೆಯ ಬೆಳಗಿನ ಉಷ್ಣತೆ 5° ಸೆ. ಬಸವನಗುಡಿಯಲ್ಲಿ 27° ಸೆ. ಇದ್ದಾಗ ಅದನ್ನು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆದು, ಪ್ಲಾಸ್ಟಿಕ್ಕಿನ ಗಾತ್ರವನ್ನು ಕಳೆದೆವು. ಉಳಿದದ್ದು ಸುಮಾರು 700 ಮಿಲಿಲೀಟರ್. ಬಾಯ್ಲ್ ಮತ್ತು ಚಾರ್ಲ್ಸ್ ನಿಯಮಗಳನ್ನು ಸೇರಿಸಿ, 681 × 0.7 × (278 ÷ 300) ಎಂದು ಗುಣಿಸಿದರೆ ಹಾನ್ಲೆಯ ಒತ್ತಡ 442 ಮಿಮೀ ಎಂದು ಬರುತ್ತದೆ. 5.5 ಕಿಲೋಮೀಟರಿಗೆ ಅರ್ಧ ಎಂಬ ನಿಯಮದಿಂದ ಎತ್ತರ ಸುಮಾರು 4,300 ಮೀಟರ್. ನಿಜವಾದ ಎತ್ತರಕ್ಕಿಂತ 200 ಮೀಟರ್ ಕಡಿಮೆ. ವ್ಯತ್ಯಾಸಕ್ಕೆ ಕಾರಣಗಳಲ್ಲಿ ಒಂದನ್ನು ವಿದ್ಯಾರ್ಥಿನಿಯೊಬ್ಬಳು ಹುಡುಕಿಕೊಟ್ಟಳು. ಬಾಟಲಿಯ ಗೋಡೆ ಕುಗ್ಗಲು ಸ್ವಲ್ಪ ಪ್ರತಿರೋಧ ಒಡ್ಡುವುದರಿಂದ ಒಳಗಿನ ಒತ್ತಡ ಹೊರಗಿನದಕ್ಕೆ ಪೂರ್ತಿ ಸಮನಾಗಿಲ್ಲ. ಗಾತ್ರ ತುಸು ಹೆಚ್ಚೇ ಉಳಿದಿದೆ.

ಒಂದು ಖಾಲಿ ಬಾಟಲಿಯಿಂದ ಪರ್ವತದ ಎತ್ತರವನ್ನು ಅಳೆಯಬಹುದು ಎಂದು ತೋರಿಸಿದಾಗ ಮಕ್ಕಳ ಕಣ್ಣು ಅರಳುತ್ತದೆ. ಅದೇ ಹೊತ್ತಿನಲ್ಲಿ ಮೇಷ್ಟ್ರ ನಾಲ್ಕು ಹೆಜ್ಜೆಗಳ ಕಥೆಯನ್ನೂ ಹೇಳುತ್ತೇನೆ. ಅವರಲ್ಲಿ ಕೆಲವರಾದರೂ ಮುಂದೆ ತಮ್ಮ ಅಜ್ಜ ಅಜ್ಜಿಯರ ಯಾತ್ರೆಗೆ ವೇಳಾಪಟ್ಟಿ ಹಾಕುವವರಾಗುತ್ತಾರೆ. ಆಗ ಅವರು ಎರಡು ದಿನ ಹೆಚ್ಚು ಬರೆದರೆ ಪಾಠ ಮುಟ್ಟಿತೆಂದು ತಿಳಿಯಬಹುದು.